ಹತ್ತು ವರ್ಷಕ್ಕೆ ಹತ್ತು ತಿಂಗಳು ಕಮ್ಮಿ

ಬೆಳಗಾವಿಯ ಉದ್ಯಮಬಾಗಿನ ಆ ಕಾರ್ಖಾನೆಯಲ್ಲಿ ಪಾಳಿಯ ಹೊತ್ತಿನಲ್ಲಿ ಯಾರೂ ಫೋನ್ ಇಟ್ಟುಕೊಳ್ಳುವಂತಿಲ್ಲ. ಗೇಟಿನ ಪಕ್ಕದ ಕಪಾಟಿನಲ್ಲಿ ಹಾಕಿ ಒಳಗೆ ಹೋಗಬೇಕು. ಹೀಗಾಗಿ 2023ರ ಅಕ್ಟೋಬರ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಬಂದಿದ್ದ ಸಂದೇಶವನ್ನು ಶೀತಲ ನೋಡಿದ್ದು ಊಟದ ಬಿಡುವಿನಲ್ಲಿ, ಹನ್ನೆರಡೂವರೆಗೆ. ದತ್ತು ಪಡೆಯಲು ಅವಳೂ ಗಂಡ ಲಕ್ಷ್ಮಣನೂ ಹೆಸರು ಬರೆಸಿ ಮೂರು ವರ್ಷ ದಾಟಿತ್ತು. ಒಂದು ಮಗುವಿನ ವಿವರ ಬಂದಿದೆ, ನಲವತ್ತೆಂಟು ಗಂಟೆಯೊಳಗೆ ಒಪ್ಪಿಗೆ ತಿಳಿಸಬೇಕು ಎಂದಿತ್ತು ಸಂದೇಶ. ಅದರಲ್ಲಿ ಮೂರೂಕಾಲು ಗಂಟೆ ಆಗಲೇ ಕಳೆದುಹೋಗಿತ್ತು.

ಅವಳು ಬುತ್ತಿ ಬಿಚ್ಚಲಿಲ್ಲ. ಗೇಟಿನ ಹೊರಗೆ ನಿಂತು ಫೋಟೋ ತೆರೆದಳು. ಹೆಣ್ಣುಮಗು, ಎರಡು ವರ್ಷ ನಾಲ್ಕು ತಿಂಗಳು. ಹೆಸರು ಸಮೃದ್ಧಿ. ಯಾರೋ ಕೂದಲಿಗೆ ನೀರು ಹಚ್ಚಿ ಒತ್ತಿ ಬಾಚಿದ್ದರು. ಮಗು ನಗುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ಫೋಟೋ ತೆಗೆಯುವವರು ಯಾವಾಗ ಹೋಗುತ್ತಾರೋ ಎಂದು ಕಾಯುವವರ ಹಾಗೆ ನಿಂತಿತ್ತು.

ಲಕ್ಷ್ಮಣ ಬೆಳಗಾವಿಯಿಂದ ಗೋವಾಕ್ಕೆ ತರಕಾರಿ ಸಾಗಿಸುವ ಗಾಡಿಯ ಚಾಲಕ. ಆ ಹೊತ್ತಿಗೆ ಅವನು ಘಟ್ಟದಲ್ಲಿದ್ದ, ಫೋನು ಹತ್ತಲಿಲ್ಲ. ಎರಡರ ಹೊತ್ತಿಗೆ ಅವನೇ ಫೋನು ಮಾಡಿದಾಗ ಅವಳು ಒಳಗಿದ್ದಳು. ಕೊನೆಗೆ ಮಾತಾದದ್ದು ಸಂಜೆ, ಖಾನಾಪುರದ ಮನೆಯಲ್ಲಿ.

"ಹೂಂ ಅನ್ನು," ಅಂದ ಲಕ್ಷ್ಮಣ. "ಮೂರ ವರ್ಷ ಕಾದೇವಿ. ಇನ್ನೇನ್ ವಿಚಾರ ಮಾಡೂದೈತಿ?"

ಅತ್ತೆ ಮಾಯವ್ವ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. "ಈ ಕೂಸಿಗೆ ಯಾರೂ ಎಣ್ಣಿ ಹಚ್ಚಿಲ್ಲ ನೋಡ," ಅಂದಳು. ಅದು ಒಪ್ಪಿಗೆಯೋ ಅಲ್ಲವೋ ಶೀತಲಳಿಗೆ ತಿಳಿಯಲಿಲ್ಲ. ಆದರೂ ಗುಂಡಿ ಒತ್ತಿದಳು.

ಮರುದಿನ ಹುಬ್ಬಳ್ಳಿಯ ದತ್ತು ಕೇಂದ್ರದಿಂದ ಒಬ್ಬ ಹೆಣ್ಣುಮಗಳು ಮಾತಾಡಿದರು. ಮೂರು ವಾರದಲ್ಲಿ ಬಂದು ಮಗುವನ್ನು ನೋಡಿ, ಕಾಗದಪತ್ರ ಮುಗಿಸಿ ಕರೆದೊಯ್ಯಬಹುದು ಎಂದರು. ಆಮೇಲೆ ಒಂದು ಪ್ರಶ್ನೆ ಕೇಳಿದರು.

"ಮೊದಲಿನ ಎರಡು ತಿಂಗಳು ಮನಿಯಾಗ ಕೂಸಿನ ಸಂಗಡ ಯಾರಿರ್ತೀರಿ? ನೀವಿಬ್ಬರೂ ದುಡಿಯಾಕ ಹೋಗ್ತೀರಿ ಅಂತ ಬರದೈತಿ. ಈ ಕೂಸು ಈಗಾಗಲೇ ಎರಡು ಕಡೆ ಇದ್ದು ಬಂದೈತ್ರಿ. ಬಂದ ಕೂಡಲೇ ನೀವು ಇಡೀ ದಿನ ಕಾಣದಂಗಾದ್ರ, ಮತ್ತ ಬಿಟ್ಟುಹೋದ್ರು ಅಂತ ತಿಳ್ಕೋತೈತಿ."

"ನಾನ ಇರ್ತೀನ್ರಿ," ಅಂದುಬಿಟ್ಟಳು ಶೀತಲ.

ಅಂದ ಮೇಲೆ ರಜೆ ಎಣಿಸಿದಳು. ಅವಳ ಲೆಕ್ಕದಲ್ಲಿ ಉಳಿದಿದ್ದ ಗಳಿಕೆ ರಜೆ ಹನ್ನೊಂದೇ ದಿನ. ಉಳಿದದ್ದೆಲ್ಲ ಮಾಯವ್ವನ ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಹೋಗಿತ್ತು. ಆ ಮೊಣಕಾಲು ಇನ್ನೂ ನೆಟ್ಟಗಾಗಿರಲಿಲ್ಲ. ಎರಡು ವರ್ಷದ ಮಗುವಿನ ಹಿಂದೆ ಓಡುವುದು ಮುದುಕಿಯಿಂದ ಆಗದ ಮಾತು. ಲಕ್ಷ್ಮಣ ಒಂದು ದಿನ ಗಾಡಿ ಹತ್ತದಿದ್ದರೆ ಮಾಲೀಕ ಬೇರೆ ಚಾಲಕನನ್ನು ಕರೆಯುತ್ತಿದ್ದ.

ಶೀತಲ ಆ ಕಾರ್ಖಾನೆ ಸೇರಿದ್ದು ಇಪ್ಪತ್ತೆಂಟನೆಯ ವಯಸ್ಸಿನಲ್ಲಿ. ಹನ್ನೆರಡನೇ ಇಯತ್ತೆ ಮುಗಿಸಿದ್ದವಳನ್ನು ಮೊದಲು ಪ್ಯಾಕಿಂಗಿಗೆ ಹಾಕಿದ್ದರು. ಕೈ ಸ್ಥಿರ, ಕಣ್ಣು ಚುರುಕು ಎಂದು ಎರಡು ವರ್ಷದಲ್ಲಿ ತಪಾಸಣೆಯ ಮೇಜಿಗೆ ತಂದರು. ಯಂತ್ರಗಳಿಗೆ ಹೋಗುವ ಉಕ್ಕಿನ ವಾಲ್ವುಗಳನ್ನು ಒಂದೊಂದಾಗಿ ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಕೆಂಪು ತಟ್ಟೆಗೆ ಹಾಕುವುದು ಅವಳ ಕೆಲಸ. ಅವಳ ಮೇಜಿನಿಂದ ಹೋದ ಮಾಲು ವಾಪಸು ಬಂದದ್ದು ಕಡಿಮೆ. ಕೆಲಸ ಬಿಡು ಎಂದು ಲಕ್ಷ್ಮಣ ಒಮ್ಮೆ ಅಂದಿದ್ದ. ಬಿಟ್ಟರೆ ಮೂವತ್ತೇಳರಲ್ಲಿ ಮತ್ತೆ ಪ್ಯಾಕಿಂಗಿನಿಂದ ಶುರು ಮಾಡಬೇಕೆಂದು ಅವಳಿಗೆ ಗೊತ್ತಿತ್ತು.

ಸಿಬ್ಬಂದಿ ವಿಭಾಗದ ರೋಹನ ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿ ಬೆಳೆದ ಹುಡುಗ. ಮರಾಠಿ ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದ. ರಜೆ ಕೇಳಲು ಬಂದ ಅವಳ ಮಾತು ಕೇಳಿ ಮೊದಲು ಖುಷಿಪಟ್ಟ, ಆಮೇಲೆ ನಿಯಮದ ಪುಸ್ತಕ ತೆಗೆದ.

"ಅಕ್ಕಾರ, ಮೂರು ತಿಂಗಳೊಳಗಿನ ಕೂಸಾಗಿದ್ರ ಕಾಯ್ದೆ ಪ್ರಕಾರ ಹನ್ನೆರಡು ವಾರ ರಜಾ ಸಿಗ್ತಿತ್ತು. ನಿಮ್ಮದು ಎರಡು ವರ್ಷ ದಾಟೇತಿ. ಅದರಾಗ ಕೂಡಂಗಿಲ್ರಿ."

ಎರಡು ವರ್ಷದ ಮಗುವಿಗೆ ತಾಯಿ ಬೇಡವೇ ಎಂದು ಕೇಳಬೇಕೆನಿಸಿತು ಅವಳಿಗೆ. ಈ ಹುಡುಗ ಮಾಡಿದ ಕಾಯ್ದೆಯಲ್ಲ ಎಂದು ಸುಮ್ಮನಾದಳು. ರೋಹನ ಹಾಳೆ ತಿರುವುತ್ತ ಹೋಗಿ ಒಂದು ಕಡೆ ನಿಂತ.

"ಇಲ್ಲೊಂದೈತಿ ನೋಡ್ರಿ. ದೀರ್ಘ ಸೇವಾ ರಜಾ. ಹತ್ತು ವರ್ಷ ಅಖಂಡ ಸೇವಾ ಮಾಡಿದವರಿಗೆ ಒಂದು ಸಲ ಅರವತ್ತು ದಿನ, ಪಗಾರ ಸಹಿತ."

"ನನಗ ಹತ್ತು ವರ್ಷ ಆಗಾಕ ಇನ್ನೂ ಹತ್ತು ತಿಂಗಳು ಕಮ್ಮಿ ಅದಾವಲ್ರಿ."

"ತಡೀರಿ. ಏಳು ವರ್ಷ ಮುಗಿದಿದ್ದು ತೀರಾ ಅನಿವಾರ್ಯ ಕಾರಣ ಇದ್ರ, ಅಲ್ಲೀತನಕ ಆದ ಸೇವಾಕ್ಕ ಎಷ್ಟು ಬರತೈತೋ ಅಷ್ಟು ಮುಂಚೇನ ಕೊಡಬಹುದು ಅಂತೈತಿ. ಮ್ಯಾನೇಜರ್ ಸಾಹೇಬ್ರ ಕೈಯಾಗೈತಿ." ಅವನು ಕಾಗದದ ಮೇಲೆ ಗುಣಿಸಿದ. "ನೂರಾ ಹತ್ತು ತಿಂಗಳು. ತಿಂಗಳಿಗೆ ಅರ್ಧ ದಿನದಂಗ ಐವತ್ತೈದು ದಿನ ಆಗತೈತ್ರಿ!"

ಅವಳು ಆ ಕಾಗದವನ್ನು ತನ್ನ ಕಡೆ ಎಳೆದುಕೊಂಡು ನೋಡಿದಳು. ಅಷ್ಟರಲ್ಲಿ ರೋಹನ ಕಂಪ್ಯೂಟರಿನಲ್ಲಿ ಅವಳ ಸೇವೆಯ ವಿವರ ತೆರೆದಿದ್ದ. ಅವನ ಮುಖ ಬದಲಾಯಿತು.

"ಅಕ್ಕಾರ, 2020ರ ಜನವರಿಯಾಗ ಇಪ್ಪತ್ತಾರು ದಿನ ನೀವು ಎಲ್ಲಿಗೆ ಹೋಗಿದ್ರಿ?"

ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ.

"ಅನುಮತಿ ಇಲ್ಲದ ಗೈರು ಅಂತ ನಮೂದಾಗೇತಿ. ಸೇವಾ ತುಂಡಾಗೇತ್ರಿ. ಪುಸ್ತಕದ ಪ್ರಕಾರ ಲೆಕ್ಕ ಅಲ್ಲಿಂದ ಮತ್ತ ಶುರುವಾಗತೈತಿ. ನಿಮ್ಮದು ಒಂಬತ್ತು ವರ್ಷ ಅಲ್ಲ, ನಾಕೂ ತುಂಬಿಲ್ಲ."

ಆ ಜನವರಿಯಲ್ಲಿ ಶೀತಲ ಹಿಂದವಾಡಿಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಮಲಗಿದ್ದಳು. ನಾಲ್ಕು ತಿಂಗಳು ತುಂಬಿದ್ದ ಬಸುರು ಇಳಿದುಹೋಗಿತ್ತು. ಅದು ಮೂರನೆಯ ಸಲ. ಮೊದಲೆರಡು ಸಲ ಎಲ್ಲರಿಗೂ ಹೇಳಿ, ಆಮೇಲೆ ಎಲ್ಲರ ಸಮಾಧಾನ ಕೇಳಿ ಅವಳಿಗೆ ಸಾಕಾಗಿತ್ತು. ಈ ಸಲ ಕಾರ್ಖಾನೆಯಲ್ಲಿ ಯಾರಿಗೂ ಬಸುರಿನ ಸುದ್ದಿಯೇ ಹೇಳಿರಲಿಲ್ಲ. ಹಾಸಿಗೆಯ ಮೇಲಿಂದಲೇ ತನ್ನ ವಿಭಾಗದ ಮೇಲ್ವಿಚಾರಕ ಭರಮಪ್ಪನಿಗೆ ಫೋನು ಮಾಡಿ ಜ್ವರ ಅಂದಿದ್ದಳು. "ಆರಾಮ ಆಗಿ ಬಾ ಯವ್ವಾ, ನಾ ನೋಡ್ಕೋತೀನಿ," ಅಂದಿದ್ದ ಅವನು. ಮರಳಿ ಬಂದಾಗ ಇಪ್ಪತ್ತಾರು ದಿನದ ಪಗಾರ ಹೋಗಿತ್ತು. ಯಾಕೆಂದು ಅವಳು ಕೇಳಲಿಲ್ಲ. ಯಾರೂ ಏನೂ ಕೇಳದಿದ್ದದ್ದೇ ದೊಡ್ಡದೆಂದು ಮೇಜಿಗೆ ಕೂತಿದ್ದಳು.

ರೋಹನನಿಗೆ ಇದನ್ನೆಲ್ಲ ಹೇಳಲು ಅವಳಿಗೆ ಹತ್ತು ನಿಮಿಷ ಬೇಕಾಯಿತು. ಅವನು ತಲೆ ತಗ್ಗಿಸಿ ಕೇಳಿದ.

"ಆಗ ಹೇಳಿದ್ರ ಕಾಯ್ದೆಯಾಗ ಆರು ವಾರದ ರಜಾ ಇತ್ರಿ," ಅಂದ ಮೆಲ್ಲಗೆ. "ಈಗ ಒಂದ ದಾರಿ. ಬಾಯಿಮಾತಿಲೆ ರಜಾ ಕೊಟ್ಟಿದ್ದೆ ಅಂತ ಆಗಿನ ಮೇಲ್ವಿಚಾರಕರು ಬರದು ಕೊಡಬೇಕು. ಜೋಡಿ ದವಾಖಾನಿ ಕಾಗದ. ಸಾಹೇಬ್ರ ಮುಂದ ಇಟ್ಟು ನೋಡೂಣು."

ನರ್ಸಿಂಗ್ ಹೋಮಿನ ಕಾಗದ ಟ್ರಂಕಿನ ತಳದಲ್ಲಿತ್ತು. ತಂದಿಟ್ಟಂದಿನಿಂದ ಅವಳು ಅದನ್ನು ಮುಟ್ಟಿರಲಿಲ್ಲ. ಭರಮಪ್ಪ ನಿವೃತ್ತನಾಗಿ ನಂದಗಡದಲ್ಲಿದ್ದ. ಭಾನುವಾರ ಲಕ್ಷ್ಮಣ ಅವಳನ್ನು ಬೈಕಿನಲ್ಲಿ ಕರೆದೊಯ್ದ. ತಾನು ಹೊರಗೇ ನಿಲ್ಲುತ್ತೇನೆ ಅಂದ. ಇಬ್ಬರು ಗಂಡಸರ ಮುಂದೆ ಆಡುವ ಮಾತಲ್ಲ ಅದು, ಒಬ್ಬನಿದ್ದರೂ ಹೆಚ್ಚೇ ಎಂದು ಅವನಿಗೂ ಗೊತ್ತಿತ್ತು.

"ಬಾ ಯವ್ವಾ, ಶೀತಲಾ! ದಾರಿ ತಪ್ಪಿ ಬಂದ್ಯೇನು?" ಭರಮಪ್ಪ ಕಟ್ಟೆಯ ಮೇಲೆ ಚಾಪೆ ಹಾಸಿದ. ಅವನ ಹೆಂಡತಿ ಸಾತವ್ವ ಚಹಾ ತಂದಳು. ಶೀತಲ ಸಂಗತಿ ತೆಗೆದ ಕೂಡಲೇ ಅವನ ದನಿ ಗಟ್ಟಿಯಾಯಿತು.

"ನಾಕ ವರ್ಷದ ಹಿಂದಿನ ಮಾತು. ಯಾರು ಯಾವಾಗ ಫೋನ್ ಮಾಡಿದ್ರು ಅಂತ ನೆನಪಿಟ್ಟುಕೊಳ್ಳಾಕ ಆಗತೈತೇನು? ನಾ ಹಂಗ ಬಾಯಿಮಾತಿಲೆ ರಜಾ ಕೊಡವನ ಅಲ್ಲ."

"ಕೊಟ್ಟಿದ್ರಿ ಕಾಕಾ. ಆರಾಮ ಆಗಿ ಬಾ ಅಂದಿದ್ರಿ."

"ಅಂದಿರಬೇಕು. ಬರಕೊಟ್ಟಿಲ್ಲಲ್ಲ?"

ಅವಳು ಚೀಲದಿಂದ ಕಾಗದ ತೆಗೆದು ಚಾಪೆಯ ಮೇಲಿಟ್ಟಳು. "ಜ್ವರ ಇರಲಿಲ್ಲ ಕಾಕಾ. ಬಸುರು ಹೋಗಿತ್ತು. ನಾಚಿಕಿ ಆಗಿ ಸುಳ್ಳ ಹೇಳಿದ್ನಿ." ಹುಬ್ಬಳ್ಳಿಯ ಮಗುವಿನ ಸುದ್ದಿಯನ್ನೂ ಹೇಳಿದಳು. ಮೂರು ವಾರದ ಗಡುವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ತಾನು ಬೇಡುತ್ತಿದ್ದೇನೆ ಅನ್ನಿಸಿ ನಿಲ್ಲಿಸಿದಳು.

ಭರಮಪ್ಪ ಕಾಗದ ಮುಟ್ಟಲಿಲ್ಲ. ಎದ್ದು ಎಮ್ಮೆಗೆ ಮೇವು ಹಾಕಲು ಹಿತ್ತಲಿಗೆ ಹೋದ. ಬಹಳ ಹೊತ್ತು ಬರಲೇ ಇಲ್ಲ. ಓದಲು ಬಾರದ ಸಾತವ್ವ ಆ ಕಾಗದವನ್ನು ಮಡಚಿ ಶೀತಲಳ ಕೈಯಲ್ಲಿಟ್ಟಳು. "ಒತ್ತಾಯ ಮಾಡಿದ್ರ ಅವರು ಇನ್ನಷ್ಟು ಬಿಗಿ ಆಗ್ತಾರ. ಹೋಗು ಮಗಳ, ಹೊತ್ತಾತು," ಅಂದಳು.

ಬೈಕು ಶುರುವಾದಾಗ ಭರಮಪ್ಪ ಬಾಗಿಲಿಗೆ ಬಂದು ನಿಂತ. "ನಸುಕಿನ್ಯಾಗ ಫೋನ್ ಮಾಡಿ ಜ್ವರ ಅಂದಿದ್ದಿ ನೀ," ಅಂದ.

ಫೋನಿನ ಹೊತ್ತನ್ನು ತಾನು ಹೇಳಿರಲೇ ಇಲ್ಲ, ಅವನಿಗೆ ನೆನಪಿದೆ ಎಂಬುದು ಶೀತಲಳಿಗೆ ಹೊಳೆದದ್ದು ನಂದಗಡ ದಾಟಿದ ಮೇಲೆ. ಅದು ಇನ್ನಷ್ಟು ಕಾಡಿತು. ಮರೆತವನನ್ನು ನೆನಪಿಸಬಹುದು. ನೆನಪಿದ್ದೂ ಒಲ್ಲೆ ಅನ್ನುವವನನ್ನು ಏನು ಮಾಡುವುದು?

ಸೋಮವಾರ ಹೋಯಿತು, ಬುಧವಾರವೂ ಹೋಯಿತು. ಮುಂದಿನ ವಾರವೂ ಅರ್ಧ ಕಳೆಯಿತು. ಹುಬ್ಬಳ್ಳಿಯವರು ದಿನ ಗೊತ್ತುಮಾಡಿದರು: ಅದರಾಚೆಯ ಸೋಮವಾರ. ಬಸ್ಸಿನಲ್ಲಿ ಕೂತರೂ ಅವಳ ಕೈ ಫೋನಿಗೆ ಹೋಗುತ್ತಿತ್ತು. ಫೋಟೋದ ಮಗು ಈಗಾಗಲೇ ತನ್ನನ್ನು ನೋಡಿ ಗುರುತಿಟ್ಟುಕೊಂಡಿದೆ, ಈಗ ಹಿಂದೆ ಸರಿದರೆ ಅದಕ್ಕೆ ತಿಳಿಯುತ್ತದೆ ಎಂಬಂಥ ಹುಚ್ಚು ವಿಚಾರ ಬರುತ್ತಿತ್ತು. ಒಂದು ಮಧ್ಯಾಹ್ನ ಅವಳ ಕೆಂಪು ತಟ್ಟೆ ತುಂಬಿಹೋಗಿತ್ತು. ಪಕ್ಕದ ಮೇಜಿನ ಸಪ್ನಾ ಎದ್ದು ಬಂದು ನಾಲ್ಕು ವಾಲ್ವು ಎತ್ತಿ ತಾನೇ ಅಳೆದಳು.

"ಅಕ್ಕಾ, ಇವೆಲ್ಲಾ ಬರೋಬ್ಬರಿ ಅದಾವು. ಯಾಕ ತಗದೀ?"

ಶೀತಲ ನೋಡಿದಳು. ಒಂದೊಂದನ್ನೂ ಮೂರು ಮೂರು ಸಲ ಅಳೆದು, ನಂಬಿಕೆಯಾಗದೆ ತೆಗೆದುಹಾಕಿದ್ದಳು. ಇಡೀ ತಟ್ಟೆಯನ್ನು ಮತ್ತೆ ಮೊದಲಿನಿಂದ ಅಳೆಯಲು ಕೂತಳು.

ಕೊನೆಯ ಶುಕ್ರವಾರ ಹನ್ನೊಂದರ ಹೊತ್ತಿಗೆ ಮ್ಯಾನೇಜರ್ ಚನ್ನಬಸಯ್ಯನವರ ಕೋಣೆಯಿಂದ ಕರೆ ಬಂತು. ಬಾಗಿಲು ತೆಗೆದರೆ ಒಳಗೆ ಭರಮಪ್ಪ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ತೊಡೆಯ ಮೇಲೆ ಬಿಳಿ ಟೊಪ್ಪಿಗೆ. ಅವಳ ಕಡೆ ನೋಡಲಿಲ್ಲ.

"ಈಗ ನನ್ನ ಮುಂದ ಹೇಳಿದ್ದನ್ನ ಇವರ ಮುಂದನೂ ಹೇಳ್ರಿ," ಅಂದರು ಚನ್ನಬಸಯ್ಯನವರು.

"ಆಕಿ ಫೋನ್ ಮಾಡಿದ್ಲ್ರಿ. ಆರಾಮ ಆಗೂತನಕ ಬರಬ್ಯಾಡ ಅಂದಿದ್ನಿ," ಭರಮಪ್ಪ ಟೊಪ್ಪಿಗೆಯ ಅಂಚು ತಿರುವುತ್ತಿದ್ದ. "ಬಾಯಿಮಾತಿನ ರಜಾ ಕೊಟ್ರ ಮೇಲ್ವಿಚಾರಕರ ಮ್ಯಾಲ ಕ್ರಮ ಅಂತ ಆಗಷ್ಟ ನೋಟಿಸ್ ಹಚ್ಚಿದ್ರು. ಹದಿನೈದು ದಿನ ಆದ ಮ್ಯಾಲ ಆಫೀಸಿನವರು ಕೇಳಿದ್ರು. ನನಗ ಗೊತ್ತಿಲ್ಲ ಅಂದ್ನಿ. ಅದು ಸುಳ್ಳ್ರಿ."

"ಇಷ್ಟು ದಿನ ಸುಮ್ನಿದ್ದು ಈಗ್ಯಾಕ ಬಂದ್ರಿ?"

"ಆಕಿ ಜ್ವರ ಅಂದಿದ್ಲ್ರಿ. ಖರೇ ಏನು ಅಂತ ಗೊತ್ತಿದ್ರ..." ಅವನು ಟೊಪ್ಪಿಗೆ ಮಡಚಿದ. "ಗೊತ್ತಿದ್ರ ಬರೀತಿದ್ನೋ ಇಲ್ಲೋ, ಅದೂ ಹೇಳಾಕ ಬರೂದಿಲ್ರಿ. ಮನಿಯಾಗ ಹನ್ನೆರಡು ದಿನದಿಂದ ನನ್ನ ಸಂಗಡ ಯಾರೂ ಮಾತಾಡವಲ್ರು."

ಚನ್ನಬಸಯ್ಯನವರು ಸಡಿಲ ಮನಸ್ಸಿನವರೆಂದು ಕಾರ್ಖಾನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಅವರು, ಶೀತಲ ರೋಹನನ ಹತ್ತಿರ ಕೊಟ್ಟಿಟ್ಟಿದ್ದ ನರ್ಸಿಂಗ್ ಹೋಮಿನ ಕಾಗದವನ್ನು ಎರಡು ಸಲ ಓದಿ, ತಾರೀಖುಗಳನ್ನು ಹಾಜರಿಯ ಜೊತೆ ಹಿಡಿದು ನೋಡಿದರು.

"ರಜಾ ಮುಂಚೆ ಕೊಡೂದು ನನ್ನ ಕೈಯಾಗೈತಿ, ಕೊಡ್ತೀನಿ," ಅಂದರು. "ತುಂಡಾದ ಸೇವಾ ಕೂಡಿಸೂದು ನನ್ನ ಕೈಯಾಗಿಲ್ಲ. ಅದು ಪುಣೆ ಮುಖ್ಯ ಕಚೇರಿಯಿಂದ ಬರಬೇಕು. ಇವತ್ತ ಬರದು ಕಳಿಸ್ತೀನಿ. ಅಲ್ಲೀತನಕ ನಿಮ್ಮ ಹನ್ನೊಂದು ದಿನ ಬಳಸ್ಕೋರಿ. ಒಪ್ಪಿಗಿ ಬಂದ್ರ ಮುಂದ ಐವತ್ತೈದು ದಿನ. ಬರಲಿಲ್ಲಂದ್ರ ಹನ್ನೆರಡನೇ ದಿನ ನೀವು ಇಲ್ಲಿ ಇರಬೇಕ್ರಿ. ಇನ್ನೊಂದು ತುಂಡು ಆಗಬಾರದು."

ಹತ್ತು ವರ್ಷ ತುಂಬುವ ಮೊದಲು ಕೆಲಸ ಬಿಟ್ಟರೆ ರಜೆಯ ಪಗಾರ ವಾಪಸು ಕೊಡಬೇಕೆಂಬ ಕಾಗದಕ್ಕೆ ಸಹಿ ಮಾಡಿಸಿಕೊಂಡರು. ಸಂಜೆಯೊಳಗೆ ಸಪ್ನಾಳಿಗೆ ಮೇಜಿನ ಕೆಲಸವೆಲ್ಲ ತಿಳಿಸಿ ಹೋಗಬೇಕೆಂದರು. ಶೀತಲ ಹೊರಗೆ ಬಂದು ನೋಡಿದಾಗ ಭರಮಪ್ಪ ಆಗಲೇ ಗೇಟು ದಾಟಿದ್ದ.

ಹುಬ್ಬಳ್ಳಿಯಿಂದ ಬರುವಾಗ ಸಮೃದ್ಧಿ ಅಳಲಿಲ್ಲ. ಇಡೀ ದಾರಿ ಲಕ್ಷ್ಮಣನ ಅಂಗಿಯ ಗುಂಡಿ ಹಿಡಿದು ಕೂತಿತ್ತು. ಮನೆಯಲ್ಲಿ ಮೊದಲ ಮೂರು ದಿನ ಮಂಚದ ಮೇಲೆ ಮಲಗಿಸಿದರೆ ಇಳಿದು ಗೋಡೆಯ ಮೂಲೆಗೆ ಹೋಗಿ ಮಲಗುತ್ತಿತ್ತು. ಶೀತಲ ತಾನೂ ನೆಲಕ್ಕೆ ಹಾಸಿಕೊಂಡಳು, ಒಂದು ಮೊಳ ದೂರದಲ್ಲಿ. ಮಗು ಅವಳನ್ನು "ಆಯಾ" ಎಂದು ಕರೆಯಿತು. ಕೇಂದ್ರದಲ್ಲಿ ಉಣ್ಣಿಸಿ ತೊಳೆಯುವವರಿಗೆಲ್ಲ ಅದೇ ಹೆಸರು. ಆಯಾ ಅಂದರೆ ಪಾಳಿ ಮುಗಿದ ಮೇಲೆ ಹೋಗುವವಳು. ತಿದ್ದಬೇಕೆಂದು ಬಾಯಿಗೆ ಬಂದದ್ದನ್ನು ಅವಳು ನುಂಗಿದಳು. ಹನ್ನೆರಡನೆಯ ದಿನ ತಾನೂ ಹಾಗೆಯೇ ಹೋಗುವವಳಾದರೆ ತಿದ್ದಿ ಏನು ಫಲ?

ಅದೇ ಅವಳನ್ನು ಒಳಗೊಳಗೇ ಕೊರೆಯಿತು. ಮಗು ತಾನಾಗಿ ಹತ್ತಿರ ಬಂದಾಗ ಎತ್ತಿಕೊಳ್ಳಲು ಕೈ ಚಾಚುತ್ತಿದ್ದಳು, ಒಮ್ಮೊಮ್ಮೆ ಅರ್ಧಕ್ಕೇ ನಿಲ್ಲಿಸುತ್ತಿದ್ದಳು. ಐದನೆಯ ದಿನ ಮಾಯವ್ವ ಅದನ್ನು ಕಂಡಳು.

"ಯಾಕ ಹಂಗ ಕೈ ತಡೀತಿ?"

"ಅತ್ತಿ, ಪುಣೆಯಿಂದ ಇನ್ನೂ ಏನೂ ಬಂದಿಲ್ಲ. ಹಚ್ಕೊಂಡ ಮ್ಯಾಲ ಬಿಟ್ಟು ಹೋಗೂದಾದ್ರ..."

"ಹಚ್ಕೊಳ್ಳಲಿ ಬಿಡ. ನೀ ಹ್ವಾದ್ರ ಅಳತೈತಿ. ಅಳಾಕಾದ್ರೂ ಯಾರರ ಬೇಕಲ್ಲ ಅದಕ್ಕ," ಅಂದಳು ಮಾಯವ್ವ. ಬಟ್ಟಲಲ್ಲಿ ಎಣ್ಣೆ ಬೆಚ್ಚಗೆ ಮಾಡಿಕೊಂಡು ಬಂದು, ಕಾಲು ಚಾಚಿ ಕೂತು, ಮಗುವನ್ನು ಕರೆದಳು. ಅದು ಬರಲಿಲ್ಲ. ಮಾಯವ್ವ ತನ್ನ ಬಿಳಿ ಕೂದಲಿಗೇ ಎಣ್ಣೆ ಹಚ್ಚಿಕೊಂಡಳು. ಮರುದಿನವೂ ಹಚ್ಚಿಕೊಂಡಳು. ಮೂರನೆಯ ದಿನ ಮಗು ಬಂದು ಬಟ್ಟಲಲ್ಲಿ ಬೆರಳದ್ದಿತು.

ಎಂಟನೆಯ ದಿನ ಶೀತಲ ರೋಹನನಿಗೆ ಫೋನು ಮಾಡಿದಳು. ಇನ್ನೂ ಬಂದಿಲ್ಲ ಅಂದ. ಒಂಬತ್ತನೆಯ ದಿನ ಎರಡು ಸಲ ಮಾಡಿದಳು. ಹತ್ತನೆಯ ದಿನ ಮಾಡಲು ಧೈರ್ಯವಾಗಲಿಲ್ಲ. ಹನ್ನೊಂದನೆಯ ದಿನ, ಮರುದಿನದ ಬಸ್ಸಿಗೆ ಬೇಕಾದ ಚಿಲ್ಲರೆ, ಗುರುತಿನ ಚೀಟಿ ಎಲ್ಲ ತೆಗೆದಿಟ್ಟು, ಮತ್ತೆ ಒಳಗಿಟ್ಟಳು. ಸಂಜೆ ನಾಲ್ಕಕ್ಕೆ ಫೋನು ರಿಂಗಾದಾಗ ಮಗು ಅವಳ ತೊಡೆಯ ಮೇಲೆ ನಿದ್ದೆಯಲ್ಲಿತ್ತು. ಎದ್ದೀತೆಂದು ಅವಳು ಅಲುಗದೆ, ಫೋನು ಕಿವಿಗಿಟ್ಟು ಸುಮ್ಮನೆ ಕೇಳಿದಳು.

"ಅಕ್ಕಾರ, ಬಂತ್ರಿ. ಇಪ್ಪತ್ತಾರು ದಿನ ವೈದ್ಯಕೀಯ ರಜಾ ಅಂತ ತಿದ್ದ್ಯಾರ. ಕೇಳಸ್ತೇನ್ರಿ? ಅಕ್ಕಾರ?"

ಮಗು ಏಳದಂತೆ ಅವಳು ಪಿಸುದನಿಯಲ್ಲಿ "ಹೂಂ" ಅಂದಳು.

ಐವತ್ತೈದು ದಿನ ಹೇಗೆ ಹೋದವೋ ತಿಳಿಯಲಿಲ್ಲ. ಮಗು ಮಂಚಕ್ಕೆ ಬಂತು. ಲಕ್ಷ್ಮಣ ಗಾಡಿಯ ಹಾರನ್ನಿನಂತೆ ಕೂಗಿದರೆ ನಗಲು ಕಲಿಯಿತು. ಒಂದು ಬೆಳಿಗ್ಗೆ, ಯಾವ ಕಾರಣವೂ ಇಲ್ಲದೆ, ಆಯಾ ಅನ್ನುವುದನ್ನು ಬಿಟ್ಟು ಲಕ್ಷ್ಮಣ ಮಾಯವ್ವನನ್ನು ಕರೆಯುವಂತೆ ಶೀತಲಳನ್ನು "ಯವ್ವಾ" ಎಂದಿತು. ಅವಳು ಒಳಗೆ ಹೋಗಿ ಒಲೆಯ ಮುಂದೆ ನಿಂತು ಅತ್ತಳು.

ಕೊನೆಯ ಎರಡು ವಾರ ಹೋಗುವುದನ್ನೇ ಅಭ್ಯಾಸ ಮಾಡಿದರು. ಮೊದಲ ದಿನ ಶೀತಲ ಚೀಲ ಹಾಕಿಕೊಂಡು, ಬರ್ತೀನಿ ಎಂದು ಹೇಳಿ, ಓಣಿಯ ತಿರುವಿನಲ್ಲಿ ಐದು ನಿಮಿಷ ನಿಂತು ಬಂದಳು. ಆ ಐದು ನಿಮಿಷವೂ ಮಗುವಿನ ಅಳು ಕೇಳುತ್ತಿತ್ತು. ಆಮೇಲೆ ಬಸ್ ನಿಲ್ದಾಣದ ತನಕ, ಆಮೇಲೆ ಸಂತೆ ಮುಗಿಸುವ ತನಕ. ಹೇಳದೆ ಒಂದು ಸಲವೂ ಹೋಗಲಿಲ್ಲ. ಮಾಯವ್ವನಿಗೆ ನೆರವಾಗಲು ಓಣಿಯ ಸಾವಂತ್ರವ್ವ ಹಗಲು ಹೊತ್ತು ಬಂದು ಕೂರಲು ಒಪ್ಪಿದಳು.

ಕೆಲಸಕ್ಕೆ ಮರಳಿದ ದಿನ ಊಟದ ಬಿಡುವಾದ ಕೂಡಲೇ ಶೀತಲ ಗೇಟಿಗೆ ಹೋಗಿ ಮನೆಗೆ ಫೋನು ಮಾಡಿದಳು.

"ಹತ್ತರ ತನಕಾ ಬಾಗಲಾ ಬಿಟ್ಟು ಸರೀಲಿಲ್ಲ," ಅಂದಳು ಮಾಯವ್ವ ಫೋನಿನಲ್ಲಿ. "ಆಮ್ಯಾಲ ಹಾಲು ಅನ್ನಾ ಉಂಡ್ಲು. ಈಗ ಮಲಗ್ಯಾಳ. ಎದ್ದು ಕೇಳಿದ್ರ ಏನ್ ಹೇಳ್ಲಿ?"

"ಸಂಜೀಕ ಬರ್ತಾಳ ಅನ್ರಿ. ಖರೇನ ಬರ್ತೀನಿ."

ಸಂಜೆಯ ಬಸ್ಸು ಅರ್ಧ ತಾಸು ತಡವಾಯಿತು. ಸೀಟು ಖಾಲಿಯಿದ್ದರೂ ಶೀತಲ ಖಾನಾಪುರದ ತನಕ ಬಾಗಿಲ ಬಳಿಯೇ ನಿಂತು ಬಂದಳು. ಮನೆಗೆ ಹೋದಾಗ ಮಗು ಓಡಿ ಬರಲಿಲ್ಲ. ಮಾಯವ್ವನ ಸೀರೆಯ ಹಿಂದೆ ನಿಂತು ಅವಳನ್ನೇ ನೋಡಿತು, ಬಹಳ ಸಿಟ್ಟಿನಿಂದ. ಶೀತಲ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಹೊಸ್ತಿಲಿನ ಒಳಗೆ ನೆಲದ ಮೇಲೆ ಕೂತಳು. ಕರೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಗು ಬಂದು, ಅವಳಿಗೆ ಬೆನ್ನು ಮಾಡಿ, ತೊಡೆಯ ಮೇಲೆ ಕೂತುಕೊಂಡಿತು.